ಗೇಟಿನ ಹತ್ತಿರ ನಿಂತ ಮೇಕೆ

ಕಳೆದ ತಿಂಗಳು ದಾವಣಗೆರೆಗೆ ಹೋಗುವಾಗ ರೈಲು ಅಜ್ಜಂಪುರದ ಹತ್ತಿರ ಸುಮ್ಮನೆ ನಿಂತುಬಿಟ್ಟಿತು. ಯಾಕೆ ನಿಂತಿತು ಅಂತ ರೈಲಿನವರಿಗೇ ಗೊತ್ತಿರಬೇಕು. ಕಡೂರಿನಲ್ಲಿ ಹತ್ತಿದಾಗಿನಿಂದ ನನ್ನ ಎದುರು ಕೂತಿದ್ದ ಹೆಂಗಸು ತನ್ನ ಸೊಸೆಯ ಬಗ್ಗೆ ಬೀರೂರಿನವರೆಗೆ ಒಂದು ಅಧ್ಯಾಯ, ಬೀರೂರಿನಿಂದ ಈಚೆಗೆ ಇನ್ನೊಂದು ಅಧ್ಯಾಯ ಮುಗಿಸಿ, ಎಲೆಗೆ ಸುಣ್ಣ ಸವರುತ್ತಿದ್ದಳು. ಆಗ ಕಿಟಕಿಯಿಂದ ಈರುಳ್ಳಿಯ ವಾಸನೆ ಬಂತು. ಕಿತ್ತು ಹೊಲದಲ್ಲೇ ಒಣಗಲು ಹಾಕಿದ ಈರುಳ್ಳಿಯ ಮೇಲೆ ನಾಲ್ಕು ಹನಿ ಬಿದ್ದಾಗ ಏಳುವ ವಾಸನೆ ಅದು. ಅಡುಗೆಮನೆಯ ಈರುಳ್ಳಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ನನಗೆ ಗೊತ್ತಾಗುವ ಮೊದಲೇ ನನ್ನ ಬಾಯಿಂದ "ಹೂಂ" ಅಂತ ಬಂದಿತ್ತು.

"ಏನಂದ್ರಿ?" ಎಂದಳು ಆಕೆ.

"ಏನಿಲ್ಲ, ನೀವ್ ಹೇಳಿ," ಎಂದೆ. ಅಷ್ಟು ಸಾಕಾಯಿತು, ಸೊಸೆಯ ಮೂರನೆಯ ಅಧ್ಯಾಯ ಶುರುವಾಯಿತು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಈ ವಾಸನೆ ಬಂದಾಗಲೆಲ್ಲ ನನಗೆ ಹೀಗೇ ಆಗುತ್ತದೆ. ಯಾರೋ ಕತೆ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಸಂತೆಯಲ್ಲಿ ಆಗಿದೆ, ಒಮ್ಮೆ ಮದುವೆ ಮನೆಯ ಹಿತ್ತಿಲಲ್ಲಿ ಮಳೆಗೆ ನೆನೆದ ಈರುಳ್ಳಿ ಮೂಟೆಯ ಹತ್ತಿರವೂ ಆಗಿದೆ. ನಮ್ಮ ಮನೆಯವರು, "ಮೇಷ್ಟ್ರ ಕೆಲಸ ಬಿಟ್ರೂ ಹೂಂಗುಟ್ಟೋದು ಬಿಡಲಿಲ್ಲ ನೀನು," ಅಂತ ನಗುತ್ತಾರೆ. ನಗಲಿ. ಆ ವರ್ಷ ಅವರು ಆ ಊರಿನಲ್ಲಿ ಇರಲಿಲ್ಲ.

ಆ ಹೈಸ್ಕೂಲಿಗೆ ನನ್ನನ್ನು ಹಾಕಿದ್ದು ಒಂದೇ ವರ್ಷ. ಅಜ್ಜಂಪುರದಲ್ಲಿ ಬಸ್ಸಿಳಿದು, ರೈಲ್ವೆ ಗೇಟು ದಾಟಿ, ಕರಿ ಮಣ್ಣಿನ ಹೊಲಗಳ ನಡುವೆ ಆಟೋದಲ್ಲಿ ಹೋಗಬೇಕಿತ್ತು. ಕಡೂರಿನಿಂದ ದಿನಾ ಓಡಾಡುತ್ತೇನೆ ಅಂತ ಜಂಬ ಕೊಚ್ಚಿಕೊಂಡು ಹೊರಟವಳು ವಾರಕ್ಕೇ ಸುಸ್ತಾಗಿ ಊರಿನಲ್ಲೇ ಒಂದು ಕೋಣೆ ಹಿಡಿದೆ. ನನ್ನ ಜಂಬ ಇಳಿಸಿದ್ದು ಆ ಗೇಟು. ಹಾಕಿದರೆ ಹಾಕಿದ್ದೇ. ಒಂದು ಗೂಡ್ಸು ಹೋಗಬೇಕು, ಅದರ ಬೆನ್ನಿಗೆ ಇನ್ನೊಂದು ರೈಲು ಬರಬೇಕು, ಅಷ್ಟು ಹೊತ್ತೂ ಅಲ್ಲೊಂದು ಗಂಟೆ ಟಿಣ್ ಟಿಣ್ ಅಂತ ಬಡಿದುಕೊಳ್ಳುತ್ತಿರಬೇಕು. ಊರಿನವರ ಬದುಕೆಲ್ಲ ಆ ಗಂಟೆಯ ಆಚೆಗೆ ಇಲ್ಲವೇ ಈಚೆಗೆ. ಹೆರಿಗೆಗೆ ಹೋಗುವವರೂ ಅಲ್ಲೇ ಕಾಯುತ್ತಿದ್ದರು, ಹೆಣ ತರುವವರೂ ಅಲ್ಲೇ ಕಾಯುತ್ತಿದ್ದರು.

ಒಂಬತ್ತನೇ ತರಗತಿಗೆ ಕನ್ನಡ ನನ್ನದು. ಮೊದಲ ವಾರ "ಮಳೆಗಾಲದ ಒಂದು ದಿನ" ಅಂತ ಬರೆಯಲು ಹೇಳಿದರೆ ಇಡೀ ತರಗತಿ ಗೈಡಿನಿಂದ ಒಂದೇ ಮಳೆಯನ್ನು ಇಳಿಸಿತ್ತು. ಎಲ್ಲರ ಮಳೆಯಲ್ಲೂ ನವಿಲು ಕುಣಿದಿತ್ತು, ಎಲ್ಲರ ಮಳೆಯಲ್ಲೂ ಕಾಮನಬಿಲ್ಲು ಮೂಡಿತ್ತು. ಆ ವರ್ಷ ಆ ಊರಿಗೆ ಅಲ್ಲಿಯವರೆಗೆ ಬಂದದ್ದು ಬರೀ ಆಷಾಢದ ಗಾಳಿ. ಹೆಂಚು ಹಾರಿಸಿ, ಕಣ್ಣಿಗೆ ಮಣ್ಣು ತುಂಬಿ, ಒಣ ಹಾಕಿದ ಬಟ್ಟೆಯನ್ನು ಪಕ್ಕದ ಬೀದಿಗೆ ಎಸೆಯುವ ಗಾಳಿ. "ನವಿಲು ಎಲ್ಲಿ ಕುಣೀತೋ?" ಅಂತ ಮಂಜ ಅನ್ನುವವನನ್ನು ಕೇಳಿದೆ. "ಪುಸ್ತಕದಲ್ಲಿ ಮಿಸ್," ಅಂದ ಪ್ರಾಮಾಣಿಕ.

ಸಿಟ್ಟು ಬಂತು. ಇವರಿಗೆ ಸುಳ್ಳು ಹೇಳದ ಓದುಗರು ಬೇಕು ಅನ್ನಿಸಿತು. ಅದೇ ಕಾಂಪೌಂಡಿನಲ್ಲಿ ಪ್ರೈಮರಿ ಸ್ಕೂಲಿತ್ತು. ಅಲ್ಲಿನ ಚಿಕ್ಕ ಮಕ್ಕಳಿಗೆ ಕತೆ ಬರೆದು, ಶನಿವಾರ ಬೆಳಿಗ್ಗೆ ಅವರ ಮುಂದೆ ನಿಂತು ಹೇಳಬೇಕು ಅಂತ ಒಂಬತ್ತನೆಯವರಿಗೆ ಕಟ್ಟಪ್ಪಣೆ ಮಾಡಿದೆ. ಚಿಕ್ಕವರು ಮುಖಸ್ತುತಿ ಮಾಡುವುದಿಲ್ಲ. ಕತೆ ಚೆನ್ನಾಗಿಲ್ಲದಿದ್ದರೆ ಎದ್ದು ಒಂದಕ್ಕೆ ಹೋಗುತ್ತಾರೆ.

ಬೋರ್ಡಿನ ಮೇಲೆ ಒಂದು ಗುಡ್ಡ ಬರೆದೆ. "ಇದು ಕತೆ. ಬುಡದಲ್ಲಿ ಒಬ್ರು ಇರ್ತಾರೆ. ಅವ್ರಿಗೆ ಏನೋ ಬೇಕು. ಬೇಕಾದ್ದು ಸುಲಭವಾಗಿ ಸಿಗಬಾರದು, ಅದಕ್ಕೇ ಹತ್ತಬೇಕು. ಹತ್ತುವಾಗ ಒಂದೊಂದೇ ತೊಂದ್ರೆ ಬರ್ಬೇಕು, ಹಿಂದಿನದಕ್ಕಿಂತ ಮುಂದಿನದು ದೊಡ್ಡದಾಗಿರ್ಬೇಕು. ನೆತ್ತಿ ಮೇಲೆ ಆದ್ರೆ ಆಯ್ತು, ಹೋದ್ರೆ ಹೋಯ್ತು ಅನ್ನೋ ಹಂಗಾಗ್ಬೇಕು. ಆಮೇಲೆ ಇಳೀಬೇಕು. ಇಳಿದು ಮನೆ ಸೇರ್ಬೇಕು."

ಮಂಜನ ಮೊದಲ ಕತೆಯಲ್ಲಿ ಸಿಂಹ ಎರಡನೆಯ ಸಾಲಿಗೇ ಸತ್ತಿತು. ಉಳಿದದ್ದೆಲ್ಲ ಅದರ ತಿಥಿಯೂಟ. "ಬೆಟ್ಟ ಅಗೆದು ಇಲಿ ಹಿಡಿದ ಹಂಗಾಯ್ತಲ್ಲೋ," ಎಂದೆ. "ಇಲಿನಾದ್ರೂ ಸಿಕ್ತಲ್ಲ ಮಿಸ್," ಎಂದ. ಇನ್ನೊಂದು ತಕರಾರು ಎಲ್ಲರದೂ ಒಂದೇ ಆಗಿತ್ತು. ಕತೆ ಎಲ್ಲಿ ಕೈಕೊಟ್ಟರೂ ಸರಿ, ಕೊನೆಗೆ "ಅವರು ಅಲ್ಲಿದ್ದಾರೆ, ನಾವು ಇಲ್ಲಿದ್ದೇವೆ" ಅಂತ ಅಜ್ಜಿಯರ ಮಾತನ್ನು ಅಂಟಿಸಿ ಎದ್ದುಬಿಡುತ್ತಿದ್ದರು. ನಾನು ಕೆಂಪು ಮಸಿಯಲ್ಲಿ ಅದನ್ನು ಹೊಡೆದು ಹೊಡೆದು ಕೈ ನೋಯಿಸಿಕೊಂಡೆ. "ಇದು ಮುಕ್ತಾಯ ಅಲ್ಲ ಕಣ್ರೋ, ಬಾಗ್ಲು ಹಾಕೋ ಸದ್ದು ಅಷ್ಟೆ. ಮುಕ್ತಾಯ ಕತೆ ಒಳಗಿಂದ ಬರ್ಬೇಕು."

"ಬಾಗ್ಲು ಹಾಕ್ಲೇಬೇಕಲ್ಲ ಮಿಸ್, ಇಲ್ದಿದ್ರೆ ನಾಯಿ ನುಗ್ತಾವೆ," ಎಂದ ಮಂಜ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಹೊಡೆಯುವುದು ಬಿಡಲಿಲ್ಲ.

ಮೊದಲ ಶನಿವಾರ ಮಂಜನೇ ನಿಂತ. ಹಾಜರಿ ಕೂಗಿದ ಹಾಗೆ ಓದಿದ. ಚಿಕ್ಕವರು ಕಲ್ಲಿನ ಹಾಗೆ ಕೂತಿದ್ದರು. ಆಗ ಮುಂದಿನ ಸಾಲಿನಿಂದ ಒಂದು ಸಣ್ಣ ಗಂಟಲು, ಗಟ್ಟಿಯಾಗಿ, "ಹೂಂ" ಎಂದಿತು. ಮಂಜ ನಿಲ್ಲಿಸಿ ನೋಡಿದ. ಎರಡನೇ ತರಗತಿಯ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ, ಮುಂದಿನ ಹಲ್ಲೊಂದು ಬಿದ್ದಿತ್ತು.

"ಹೂಂ ಅನ್ಬೇಕು," ಎಂದಳು ನಮಗೆಲ್ಲ ಪಾಠ ಹೇಳುವವಳಂತೆ. "ಇಲ್ದಿದ್ರೆ ಕತೆಯೋರು ಅಲ್ಲೇ ದಾರೀಲಿ ನಿಂತ್ಬಿಡ್ತಾರೆ. ಮುಂದಕ್ ಹೋಗಾಕಾಗಲ್ಲ ಅವ್ರಿಗೆ."

"ಯಾರೇ ಹೇಳಿದ್ದು?"

"ನಮ್ಮಜ್ಜಿ. ನಂಗ್ ನಿದ್ದೆ ಬಂದು ಹೂಂ ಅನ್ನದೆ ಮಲ್ಗಿದ್ರೆ, ಬೆಳಿಗ್ಗೆ ಎದ್ದು ಹೂಂ ಅಂದು ಅವ್ರನ್ನ ಕಳಿಸ್ಬೇಕು. ಪಾಪ, ರಾತ್ರಿಯೆಲ್ಲ ನಿಂತಿರ್ತಾರೆ."

ಅವಳ ಹೆಸರು ಚಿನ್ನಿ. ನನ್ನ ತರಗತಿಯ ಭಾಗ್ಯಳ ತಂಗಿ. ಆವತ್ತಿನಿಂದ ಶನಿವಾರದ ಕತೆಗೆ ಇಡೀ ಪ್ರೈಮರಿ ಹೂಂಗುಟ್ಟತೊಡಗಿತು. ಗಾಳಿ ತಗಡಿನ ಶೀಟುಗಳನ್ನು ಬಡಿಯುತ್ತಿದ್ದರೂ ಆ ಹೂಂ ಕಾಂಪೌಂಡಿನ ಆಚೆಯವರೆಗೂ ಕೇಳಿಸುತ್ತಿತ್ತು. ಹೂಂ ಚೆನ್ನಾಗಿ ಬಂದ ಕಡೆ ಕತೆ ಗಟ್ಟಿಯಾಗಿದೆ, ಹೂಂ ಸಡಿಲವಾದ ಕಡೆ ತಿದ್ದಬೇಕು ಅಂತ ನಾನು ಹೇಳಿಕೊಟ್ಟೆ. ಯಾವ ಟ್ರೇನಿಂಗಿನಲ್ಲೂ ನನಗೆ ಇಷ್ಟು ಒಳ್ಳೆಯ ಅಳತೆಗೋಲು ಸಿಕ್ಕಿರಲಿಲ್ಲ, ಸುಳ್ಳೇಕೆ ಹೇಳಲಿ.

ಭಾಗ್ಯ ಮಾತಿಗೆ ಬಡವಿ. ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಅವಳ ಸರದಿ ಬಂದಾಗ ಬಿಳಿ ಮೇಕೆಯ ಕತೆ ತಂದಳು. ಒಂದು ಬಿಳಿ ಮೇಕೆ, ಅದಕ್ಕೆ ಒಂದು ಮರಿ. ಮರಿಯ ಕೊರಳಿಗೆ ಕಟ್ಟಲು ಒಂದು ಗಂಟೆ ಬೇಕು. ಗಂಟೆ ಸಿಗುವುದು ಶಿವಮೊಗ್ಗದಲ್ಲಿ. ಮೇಕೆ ಹೊರಟಿತು, ಗಂಟೆ ಕೊಂಡು ತನ್ನ ಕೊರಳಿಗೇ ಕಟ್ಟಿಕೊಂಡು ಟಿಣ್ ಟಿಣ್ ಅಂತ ವಾಪಸ್ಸು ಹೊರಟಿತು. ಅಲ್ಲಿಗೆ ಆವತ್ತಿನ ಹೊತ್ತು ಮುಗಿಯಿತು. ಚಿಕ್ಕವರು ಏಳಲೇ ಇಲ್ಲ. "ಮುಂದಿನ್ ವಾರವೂ ಅಕ್ಕಾನೇ ಹೇಳ್ಲಿ," ಅಂತ ಗಲಾಟೆ. ನನಗೂ ಆಸೆ ಆಯಿತು, ಹೂಂ ಅಂದೆ.

ಹಾಗೆ ಶ್ರಾವಣವೆಲ್ಲ ಮೇಕೆ ನಡೆಯಿತು. ಮುಂದಿನ ವಾರ ತರೀಕೆರೆಯ ಕೆರೆ ಏರಿ ಮೇಲೆ ಒಂದು ಮೀನು ಅದನ್ನು ತಡೆದು, ನೀರು ಕಡಿಮೆಯಾಗಿದೆ, ಮಳೆ ಕರೆದು ಕೊಟ್ಟು ಹೋಗು ಅಂದಿತು. ಅದರ ಮುಂದಿನ ವಾರ ಅಂತರಘಟ್ಟೆ ಕಡೆ ದಾರಿ ತಪ್ಪಿತು. ಆಮೇಲೆ ತೆಂಗಿನ ಲಾರಿಯವನು ಹಿಡಿದು ಕಡೂರಿಗೆ ಒಯ್ದ, ಅಲ್ಲಿಂದ ತಪ್ಪಿಸಿಕೊಳ್ಳಬೇಕಾಯಿತು. ಮಕ್ಕಳಿಗೆ ಗೊತ್ತಿರುವ ಊರುಗಳು, ಗೊತ್ತಿರುವ ರಸ್ತೆ. ಸೋಮವಾರ ಪ್ರೈಮರಿಯವರು, "ಮೇಕೆ ಈಗ ಎಲ್ಲೈತೆ?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಬಸ್ಸು ಎಲ್ಲಿದೆ ಅಂತ ಕೇಳುವಷ್ಟು ಸಹಜವಾಗಿ. ಎಲ್ಲರಿಗಿಂತ ಗಟ್ಟಿ ಹೂಂ ಚಿನ್ನಿಯದು. ಅವಳು ಅಕ್ಕನ ಬಾಯಿಯನ್ನೇ ನೋಡುತ್ತ, ಮಾತು ಮುಗಿಯುವ ಮೊದಲೇ ಹೂಂ ಕೊಡುತ್ತಿದ್ದಳು.

ಕತೆ ಅದ್ಭುತವಾಗಿ ಏರುತ್ತಿತ್ತು. ಆದರೆ ಇಳಿಯುವ ಲಕ್ಷಣವೇ ಇರಲಿಲ್ಲ. ಭಾದ್ರಪದ ಬಂತು, ಗಣಪತಿ ಬಂದು ಹೋದ, ಹೊಲಗಳಲ್ಲಿ ಈರುಳ್ಳಿ ಕೀಳಲು ಶುರುವಾಯಿತು. ಒಂದು ಸಂಜೆ ಭಾಗ್ಯಳನ್ನು ನಿಲ್ಲಿಸಿಕೊಂಡೆ. "ಗುಡ್ಡ ಹತ್ತಿದ್ದು ಸಾಕು ಕಣೇ. ಮೇಕೆ ಅಜ್ಜಂಪುರಕ್ಕೆ ಬಂದಾಯ್ತು. ಇನ್ನು ಗೇಟು ದಾಟಿದ್ರೆ ನಮ್ಮೂರು. ಮುಂದಿನ ವಾರ ಮನೆ ತಲುಪಿಸು."

"ತಲುಪ್ಸಾಕಾಗಲ್ಲ ಮಿಸ್."

"ಯಾಕೆ?"

ಅವಳು ಬೋರ್ಡಿನ ಕಡೆ ನೋಡಿದಳು. ನನ್ನ ಗುಡ್ಡ ಅಲ್ಲೇ ಇತ್ತು. "ಅಮ್ಮ ತೀರ್ಕಂಡವ್ರಲ್ಲ ಮಿಸ್," ಎಂದಳು.

ನನಗೆ ಗೊತ್ತಿರಲಿಲ್ಲ. ಜೂನ್‌ನಲ್ಲಿ ಬಂದವಳು ನಾನು. ತಾಯಿ ಹೋದದ್ದು ವೈಶಾಖದಲ್ಲಿ. ಜ್ವರ ಅಂತ ಶುರುವಾಗಿ, ಆಂಬುಲೆನ್ಸಿನಲ್ಲಿ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಒಯ್ದಿದ್ದರು. ಹೋಗುವಾಗ ಗಾಡಿ ಹತ್ತಿಸುತ್ತಿದ್ದವರ ನಡುವೆಯೇ ಚಿನ್ನಿಯ ಗಲ್ಲ ಹಿಡಿದು, "ಬರ್ತಾ ಗೆಜ್ಜೆ ತರ್ತೀನಿ, ಅಳ್ಬಾರ್ದು," ಅಂದಿದ್ದಳಂತೆ. ಹೆಣ ಬರುವ ಮೊದಲೇ ಚಿನ್ನಿಯನ್ನು ದೇವನೂರಿಗೆ, ಚಿಕ್ಕಮ್ಮನ ಮನೆಗೆ ಸಾಗಿಸಿದ್ದರು. ತಿಥಿಯೆಲ್ಲ ಮುಗಿದ ಮೇಲೆ ಕರೆದುಕೊಂಡು ಬಂದು, ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ, ಬರುತ್ತಾಳೆ ಅಂದಿದ್ದರು. ಬೀದಿಯ ಮಕ್ಕಳು ಯಾರೋ, "ನಿಮ್ಮಮ್ಮ ಸತ್ತೋದ್ಲು ಕಣೇ," ಅಂತ ಹೇಳಿಯೂ ಇದ್ದರು. ಆದರೆ ಚಿನ್ನಿ ನಂಬಿರಲಿಲ್ಲ. ಶನಿವಾರ ಶನಿವಾರ ಅಕ್ಕ ಎಲ್ಲರೆದುರು ನಿಂತು ಮೇಕೆ ಶಿವಮೊಗ್ಗದಿಂದ ಬರುತ್ತಿದೆ ಅನ್ನುತ್ತಿರುವಾಗ ಬೀದಿ ಮಕ್ಕಳ ಮಾತು ಯಾರು ನಂಬುತ್ತಾರೆ?

"ಅವ್ಳಿಗೆ ಗೊತ್ತಾಗ್ಬಿಟ್ಟೈತೆ ಮಿಸ್, ಮೇಕೆ ಯಾರು ಅಂತ," ಎಂದಳು ಭಾಗ್ಯ. "ನಾನೇನೂ ಹೇಳ್ಲಿಲ್ಲ. ಮೊದ್ಲು ಸುಮ್ನೆ ಬರ್ದೆ. ಅವ್ಳೇ ಮನೇಲಿ ಅಜ್ಜಿ ಹತ್ರ, ಅಮ್ಮ ತರೀಕೆರೆ ದಾಟಿದ್ಲು ಅಂದ್ಲು. ಈಗ ಬಂತು ಅಂದ್ರೆ ಬಾಗ್ಲಿಗ್ ಓಡ್ತಾಳೆ. ಬರಲ್ಲ ಅಂದ್ರೆ..." ಅಲ್ಲಿಗೆ ನಿಲ್ಲಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡಳು.

ಮಾರನೆಯ ದಿನ ನಾನು ಅವರ ಮನೆಗೆ ಹೋದೆ. ಮುಂದೆ ಅಂಗಳದಲ್ಲಿ ಅಜ್ಜಿ ಸಿದ್ದಮ್ಮ ಈರುಳ್ಳಿಯ ಒಣಗಿದ ಸೊಪ್ಪು ಕೊಯ್ದು ಗುಡ್ಡೆ ಹಾಕುತ್ತಿದ್ದಳು. ಅವಳ ಮಗ ನಾಗಣ್ಣ, ಈ ಹುಡುಗಿಯರ ಅಪ್ಪ, ಟ್ರ್ಯಾಕ್ಟರ್ ಓಡಿಸುವವನು, ಗಟ್ಟಿ ಆಳು. ನನ್ನನ್ನು ಕಂಡು ಎದ್ದು ನಿಂತ, ಆಮೇಲೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದವನ ಹಾಗೆ ಟ್ರೇಲರಿನ ಹಿಂದೆ ಹೋದ. ಮಗುವಿಗೆ ನಿಜ ಹೇಳಬೇಕು ಅಂತ ನಾನು ಅಜ್ಜಿಗೆ ಬುದ್ಧಿ ಹೇಳತೊಡಗಿದೆ. ಓದಿದ್ದೆನಲ್ಲ, ಮಾತು ಬರುತ್ತಿತ್ತು.

ಅಜ್ಜಿ ಕುಡುಗೋಲು ಕೆಳಗಿಟ್ಟಳು. "ಹೇಳಬೈದು ಕಣವ್ವ. ಹೇಳೋರ್ ಯಾರು? ಅವನಾ? ಹೆಂಡ್ತಿ ಹೋದಾಗಿಂದ ಅವ್ನ ಬಾಯಿಂದ ನಾಕು ಮಾತು ಬಂದಿಲ್ಲ. ನಾನಾ? ಸೊಸೆ ಹೋದ್ಮೇಲೆ ನಂಗ್ ಒಂದು ಕತೆ ಬಾಯಿಗ್ ಬರ್ತಿಲ್ಲ. ನೀವ್ ಹೇಳ್ತೀರಾ? ಅಕಾ, ಅಲ್ಲಿ ಆಡ್ತಾವ್ಳೆ. ಕರೀಲಾ?"

ಚಿನ್ನಿ ಬೇಲಿಯ ಹತ್ತಿರ ಈರುಳ್ಳಿಗಳನ್ನು ಸಾಲಾಗಿ ಕೂರಿಸಿ ಶಾಲೆ ಆಡುತ್ತಿದ್ದಳು. ನನ್ನನ್ನು ನೋಡಿ ಹಲ್ಲಿಲ್ಲದ ಜಾಗ ತೋರಿಸಿ ನಕ್ಕಳು. "ಮಿಸ್, ಮೇಕೆ ಅಜ್ಜಂಪುರಕ್ಕೆ ಬಂತಲ್ಲ," ಎಂದಳು.

"ಬಂತು ಕಣಮ್ಮ," ಎಂದೆ. ಕಾಫಿ ಕುಡಿದು ಎದ್ದು ಬಂದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅನ್ನುತ್ತಾರಲ್ಲ, ಅದು ನನಗೇ ಹೇಳಿದ ಗಾದೆ.

ದಾರಿಯುದ್ದಕ್ಕೂ ಅದೇ ಚಿಂತೆ. ಬರಬೇಕಾದ ರಸ್ತೆಯೆಲ್ಲ ಮುಗಿದಿತ್ತು. ಮೇಕೆ ಬಂದರೆ ಒಂದು ಸುಳ್ಳು, ಆ ಮಗು ಬಾಗಿಲಿಗೆ ಓಡುವ ಸುಳ್ಳು. ಬರದಿದ್ದರೆ ಅದನ್ನು ಹದಿನಾಲ್ಕರ ಹುಡುಗಿ ಹೇಳಬೇಕು, ತಂಗಿಯ ಮುಖ ನೋಡಿಕೊಂಡು, ಊರ ಮಕ್ಕಳ ಮುಂದೆ. ಭಾಗ್ಯಳಿಗೆ, "ಬೇಡ ಬಿಡು, ಈ ವಾರ ಬೇರೆಯವರು ಹೇಳಲಿ," ಎಂದೆ. ಅವಳು ತಲೆಯಾಡಿಸಿದಳು. "ನಾನ್ ಹೇಳ್ದಿದ್ರೆ ಚಿನ್ನಿ, ಅಮ್ಮ ಅಜ್ಜಂಪುರದಲ್ಲೇ ನಿಂತ್ಕಂಡವ್ಳೆ ಅಂತಾಳೆ ಮಿಸ್. ಊಟ ಮಾಡಲ್ಲ."

ಆ ಶನಿವಾರ ಬೆಳಿಗ್ಗೆಯೇ ಸೆಕೆ. ಪಡುವಲಲ್ಲಿ ಮೋಡ ಕಪ್ಪಗೆ ಕಟ್ಟಿತ್ತು. ಭಾಗ್ಯ ಕತೆ ಶುರು ಮಾಡಿದಳು. ಇಷ್ಟು ವಾರ ಕಾಗದ ನೋಡಿಕೊಂಡು ಹೇಳುತ್ತಿದ್ದವಳು ಆವತ್ತು ಬರಿಗೈಯಲ್ಲಿ ನಿಂತಿದ್ದಳು. ಮೇಕೆ ಅಜ್ಜಂಪುರ ಬಿಟ್ಟಿತು. ಹೂಂ. ಗೇಟಿನ ಹತ್ತಿರ ಬಂತು. ಹೂಂ. ಗೇಟು ಹಾಕಿತ್ತು. ಹೂಂ. ಮೇಕೆ ನಿಂತುಕೊಂಡಿತು. ಹೂಂ. ಮುಂದೆ ಅವಳು ಏನು ಹೇಳುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಅವಳಿಗೇ ಗೊತ್ತಿತ್ತೋ ಇಲ್ಲವೋ. ಅಷ್ಟರಲ್ಲಿ ಕಾಂಪೌಂಡಿನ ಹೊರಗೆ ಕೂಗು ಎದ್ದಿತು. "ಮಳೆ ಬಂತ್ರೋ, ಈರುಳ್ಳಿ ಮುಚ್ಚೋಕ್ ಬನ್ರೋ."

ಒಣಗಲು ಹಾಕಿದ ಈರುಳ್ಳಿ ನೆನೆದರೆ ಕೊಳೆತೇ ಹೋಗುತ್ತದೆ, ವರ್ಷದ ಅನ್ನ ಅದು. ಶಾಲೆ, ಪಾಠ, ಕತೆ ಯಾವುದೂ ಅದರ ಮುಂದೆ ನಿಲ್ಲುವುದಿಲ್ಲ. ಅಪ್ಪಂದಿರು ಬಾಗಿಲಿಗೆ ಬಂದು ಮಕ್ಕಳ ಹೆಸರು ಕೂಗುತ್ತಿದ್ದರು. ನನ್ನ ಒಂಬತ್ತನೆಯವರೆಲ್ಲ ಹೊಲದ ಕಡೆ ಓಡಿದರು. ಟ್ರ್ಯಾಕ್ಟರ್ ನಿಲ್ಲಿಸದೆಯೇ ನಾಗಣ್ಣ ಭಾಗ್ಯಳನ್ನು ಹತ್ತಿಸಿಕೊಂಡ. ಅವಳು ಚಿನ್ನಿಯ ಕಡೆ ತಿರುಗಿ, "ಅಜ್ಜಿ ತಾವಕ್ ಹೋಗು," ಅಂದದ್ದು ನನಗೂ ಕೇಳಿಸಿತು. ನಾನೂ ಒಂದು ಹೊಲದಲ್ಲಿ ಟಾರ್ಪಾಲಿನ ಮೂಲೆ ಹಿಡಿದು ನಿಂತಿದ್ದೆ. ಗಾಳಿ ನನ್ನನ್ನೂ ಟಾರ್ಪಾಲನ್ನೂ ಸೇರಿಸಿ ಎತ್ತಿತು. ಮಳೆ ಬಿತ್ತು, ಬಿಟ್ಟಿತು, ಮತ್ತೆ ಬಿತ್ತು. ಊರೆಲ್ಲ ಆ ವಾಸನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಭಾಗ್ಯ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮೈಯೆಲ್ಲ ಕೆಸರು. "ಮಿಸ್, ಚಿನ್ನಿ ಇಲ್ಲೈತಾ?"

ಅಜ್ಜಿ, ಅಕ್ಕನ ಜೊತೆ ಹೊಲದಲ್ಲಿದ್ದಾಳೆ ಅಂದುಕೊಂಡಿದ್ದಳು. ಅಕ್ಕ, ಅಜ್ಜಿಯ ಹತ್ತಿರ ಇದ್ದಾಳೆ ಅಂದುಕೊಂಡಿದ್ದಳು. ನಾಗಣ್ಣ ಕೆರೆಯ ಕಡೆ ಓಡಿದ್ದ, ಬೀದಿಯವರು ಬಾವಿಗಳಿಗೆ ಟಾರ್ಚು ಬಿಡುತ್ತಿದ್ದರು. ನಾನು ಚಪ್ಪಲಿ ಹುಡುಕುತ್ತಿದ್ದೆ. ಭಾಗ್ಯ ಇದ್ದಕ್ಕಿದ್ದಂತೆ, "ಗೇಟ್ ಹತ್ರ ನಿಲ್ಸಿದ್ದೆ ಮಿಸ್," ಎಂದಳು.

"ಏನನ್ನ?"

"ಮೇಕೇನ. ಗೇಟ್ ಹತ್ರ ನಿಲ್ಸಿ ಬಂದ್ಬಿಟ್ಟೆ. ಹೂಂ ಅನ್ನೋರು ಯಾರೂ ಇರ್ಲಿಲ್ಲ." ಅಷ್ಟು ಹೇಳಿ ಓಡಿದಳು. ನಾನು ಹಿಂದೆ ಬರಿಗಾಲಲ್ಲೇ ಓಡಿದೆ. ಮಣ್ಣು ಕಾಲಿಗೆ ಮೆತ್ತಿಕೊಂಡು ಎತ್ತಿಡಲು ಆಗುತ್ತಿರಲಿಲ್ಲ. ದೂರದಲ್ಲಿ ಟಿಣ್ ಟಿಣ್ ಅಂತ ಗಂಟೆ ಶುರುವಾಯಿತು. ಜೀವಮಾನದಲ್ಲಿ ಯಾವ ಸದ್ದಿಗೂ ನಾನು ಅಷ್ಟು ಹೆದರಿಲ್ಲ. ದೇವರೇ, ಹಳಿ ಮೇಲೆ ಇರದಿರಲಿ ಅಂತ ಗಟ್ಟಿಯಾಗಿ ಹೇಳಿಕೊಂಡೇ ಓಡಿದೆ.

ಗೇಟು ಬಿದ್ದಿತ್ತು. ಕೆಂಪು ದೀಪದ ಬೆಳಕಿನಲ್ಲಿ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಚಿನ್ನಿ ನಿಂತಿದ್ದಳು. ತಲೆಗೆ ಯಾರದೋ ದೊಡ್ಡ ಪ್ಲಾಸ್ಟಿಕ್ ಕವರು. ಆಚೆ ಬದಿಯ ಕತ್ತಲನ್ನು ನೋಡುತ್ತ, ಸ್ವಲ್ಪ ಸ್ವಲ್ಪ ಹೊತ್ತಿಗೆ, "ಹೂಂ," ಅನ್ನುತ್ತಿದ್ದಳು. ಗಂಟಲು ಕಟ್ಟಿಹೋಗಿತ್ತು. ಆದರೂ ಹೂಂ ಅಂದು, ಕಾದು, ಮತ್ತೆ ಹೂಂ ಅನ್ನುತ್ತಿದ್ದಳು. ಆಚೆ ಕಡೆ ಯಾರೂ ಇರಲಿಲ್ಲ. ಇರಲಿಲ್ಲ ಅಂತ ನನಗೆ ಗೊತ್ತು. ಆದರೂ ನಾನು ಒಮ್ಮೆ ನೋಡಿದೆ.

ಗೇಟಿನವನು ಬಿಹಾರದ ಕಡೆಯ ಹುಡುಗ, ಕನ್ನಡ ಇನ್ನೂ ನಾಲಿಗೆಗೆ ಕೂತಿರಲಿಲ್ಲ. ಓಡಿ ಬಂದ. "ಮೇಡಂ, ಮಧ್ಯಾಹ್ನದಿಂದ ಇಲ್ಲೇ ಐತೆ. ಮಳೇಲಿ ನಾನು ಒಳಗೆ ಕೂರ್ಸಿದೆ, ಬಿಸ್ಕೀಟ್ ಕೊಟ್ಟೆ. ಕೇಳಿದ್ರೆ, ಅಮ್ಮ ಬರ್ತೈತೆ ಬೋಲಾ. ಅಮ್ಮ ಬರ್ತೈತೆ ಅಂದ್ಮೇಲೆ ನಾನು ಏನು ಮಾಡೋದು?"

ಭಾಗ್ಯ ತಂಗಿಯ ಪಕ್ಕ ಮೊಣಕಾಲೂರಿ ಕೂತಳು. ಬಯ್ಯಲಿಲ್ಲ, ಎಳೆಯಲಿಲ್ಲ.

"ಅಕ್ಕ, ಗಂಟೆ ಕೇಳ್ತೈತೆ," ಎಂದಳು ಚಿನ್ನಿ. "ಆದ್ರೆ ಕಾಣ್ತಾ ಇಲ್ಲ. ನೀನ್ ಮುಂದಕ್ ಹೇಳು."

ರೈಲು ಬಂತು. ಗೂಡ್ಸು, ಮುಗಿಯದ ಗೂಡ್ಸು. ಅದರ ಗಾಳಿಗೆ ಮಗುವಿನ ತಲೆಯ ಕವರು ಹಾರಿಹೋಯಿತು. ರೈಲಿನ ಸದ್ದು ದೂರವಾದ ಮೇಲೆ ಭಾಗ್ಯ ಶುರು ಮಾಡಿದಳು. ಶನಿವಾರ ತರಗತಿಯಲ್ಲಿ ಹೇಳುವ ದನಿಯಲ್ಲೇ.

"ಮೇಕೆ ಗೇಟ್ ಹತ್ರ ನಿಂತಿತ್ತು."

"ಹೂಂ."

"ರೈಲು ಹೋಯ್ತು."

"ಹೂಂ."

"ಗೇಟು ತೆಗೆದ್ರು."

ಗೇಟು ನಿಜವಾಗಿಯೂ ಏಳುತ್ತಿತ್ತು. ಚಿನ್ನಿ ಕಂಬಿ ಬಿಟ್ಟು ಆಚೆ ನೋಡಿದಳು. "ಹೂಂ," ಎಂದಳು.

"ಮೇಕೆ ಬರ್ಲಿಲ್ಲ."

ಹೂಂ ಬರಲಿಲ್ಲ. ಮಗು ಅಕ್ಕನ ಕಡೆ ತಿರುಗಿ ಸುಮ್ಮನೆ ನೋಡಿತು. ಅವರ ಮನೆಯ ನಿಯಮ ಅದು, ಹೂಂ ಬರದೆ ಕತೆ ಮುಂದಕ್ಕೆ ಹೋಗುವ ಹಾಗಿಲ್ಲ. ಭಾಗ್ಯ ನನ್ನ ಕಡೆ ನೋಡಿದಳು. ನಾನು ಹೇಳಬೇಕಿತ್ತು. ಒಂದೇ ಒಂದು ಹೂಂ. ಬಾಯಿ ತೆರೆದೆ, ಏನೂ ಬರಲಿಲ್ಲ.

"ಹೂಂ," ಅಂತ ಬೆನ್ನ ಹಿಂದಿನಿಂದ ದನಿ ಬಂತು.

ನಾಗಣ್ಣ. ಯಾವಾಗ ಬಂದನೋ. ಕೆರೆಯ ನೀರು ಸೊಂಟದವರೆಗೆ ಸುರಿಯುತ್ತಿತ್ತು, ನೀರಿಗಿಳಿದು ಹುಡುಕಿದ್ದಾನೆ. ರಸ್ತೆಯ ಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಹೂಂ. ಮುಂದಕ್ ಹೇಳವ್ವ," ಎಂದ. ಅಷ್ಟು ತಿಂಗಳಲ್ಲಿ ಆ ಮನುಷ್ಯನ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಆವತ್ತೇ.

"ಮೇಕೆಗೆ ಶಿವಮೊಗ್ಗದಲ್ಲೇ ಜ್ವರ ಜೋರಾಯ್ತು."

"ಹೂಂ," ಎಂದ ಅಪ್ಪ.

"ಅಲ್ಲೇ ಸತ್ತೋಯ್ತು."

"ಹೂಂ."

"ತರೀಕೆರೆಗೆ ಬಂದಿದ್ದು, ಮೀನು ತಡೆದಿದ್ದು, ಲಾರಿಯೋನು ಹಿಡಿದಿದ್ದು, ಎಲ್ಲ ಅಕ್ಕ ಕಟ್ಟಿ ಹೇಳಿದ್ದು."

"ಹೂಂ," ಎಂದ ನಾಗಣ್ಣ. ಅವನು ಅಳುತ್ತಿದ್ದ. ಅಳುತ್ತಲೇ ಒಂದೊಂದು ಹೂಂ ಸರಿಯಾದ ಜಾಗದಲ್ಲಿ ಇಡುತ್ತಿದ್ದ.

ಮುಂದೆ ಭಾಗ್ಯಳಿಗೆ ದಾರಿ ಇರಲಿಲ್ಲ. ನನ್ನ ಗುಡ್ಡದಲ್ಲಿ ಇದಕ್ಕೆ ಜಾಗ ಇರಲಿಲ್ಲ, ಮನೆ ಸೇರಬೇಕು ಅಂತ ಮಾತ್ರ ಹೇಳಿಕೊಟ್ಟಿದ್ದೆ. ಅವಳು ತಂಗಿಯ ಎರಡೂ ಕೈ ಹಿಡಿದುಕೊಂಡಳು.

"ಅಮ್ಮ ಅಲ್ಲವ್ಳೆ ಚಿನ್ನಿ," ಎಂದಳು. "ನಾವು ಇಲ್ಲಿದೀವಿ."

ಎಷ್ಟು ಹಾಳೆಗಳಲ್ಲಿ ನಾನು ಆ ಮಾತನ್ನು ಕೆಂಪು ಮಸಿಯಿಂದ ಹೊಡೆದು ಹಾಕಿದ್ದೆ. ಎಷ್ಟು ಕತೆಗಳ ಕೊನೆಯಲ್ಲಿ ಅಜ್ಜಿಯ ಬಾಯಿಂದ ಚಿನ್ನಿ ಅದನ್ನು ಕೇಳಿದ್ದಳು. ಆ ಮಾತು ಬಂದರೆ ಆಮೇಲೆ ಏನೂ ಇರುವುದಿಲ್ಲ, ಮಲಗಬೇಕು ಅಂತ ಅವಳಿಗೆ ಗೊತ್ತಿತ್ತು. ಅಕ್ಕನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಖಾಲಿ ಗೇಟಿನ ಕಡೆ.

"ಅಲ್ಲಿ ಯಾರೂ ನಿಂತ್ಕಂಡಿಲ್ವಾ?" ಎಂದಳು.

"ಇಲ್ಲ ಕಣೇ."

"ಮಳೇಲಿ ನೆನೀತಾ ಇಲ್ವಾ?"

"ಇಲ್ಲ. ಯಾರೂ ನೆನೀತಾ ಇಲ್ಲ."

ಚಿನ್ನಿ ಮೂಗೊರೆಸಿಕೊಂಡಳು. "ಹೂಂ," ಎಂದಳು. ಆಮೇಲೆ, "ಹಂಗಾದ್ರೆ ಮನೀಗ್ ಹೋಗಾನ," ಎಂದಳು.

ನಾಗಣ್ಣ ಅವಳನ್ನು ಹೆಗಲ ಮೇಲೆ ಹಾಕಿಕೊಂಡ. ಅರ್ಧ ದಾರಿಯಲ್ಲಿ ಅವಳು ಅಳಲು ಶುರು ಮಾಡಿದಳು, ಮನೆ ಸೇರುವವರೆಗೂ ಅತ್ತಳು, ಯಾರೂ ಸುಮ್ಮನಿರು ಅನ್ನಲಿಲ್ಲ. ಬಾಗಿಲಲ್ಲಿ ಅಜ್ಜಿ ದೀಪ ಹಿಡಿದು ನಿಂತಿದ್ದಳು. ಮಗುವಿನ ಅಳು ಕೇಳಿಯೇ ಅವಳಿಗೆ ಎಲ್ಲ ಗೊತ್ತಾಯಿತು. "ಹೇಳಿದ್ರಾ?" ಅಂತ ಮಾತ್ರ ಕೇಳಿ, ಬಚ್ಚಲಿಗೆ ನೀರು ತೋಡಲು ಹೋದಳು.

ಮುಂದಿನ ಶನಿವಾರ ಚಿನ್ನಿ ಬಂದು ಮುಂದಿನ ಸಾಲಿನಲ್ಲೇ ಕೂತಳು. ಮಂಜನ ಹೊಸ ಸಿಂಹ ಆವತ್ತು ಕೊನೆಯವರೆಗೆ ಬದುಕಿತ್ತು. ಅವನ ಕತೆಯ ಬಾಲದಲ್ಲಿ ಅಜ್ಜಿಯ ಮಾತು ಹಾಗೇ ಇತ್ತು. ನಾನು ಹೊಡೆದಿರಲಿಲ್ಲ. ಆ ಮಾರ್ಚಿಗೆ ನನ್ನನ್ನು ಮತ್ತೆ ಕಡೂರಿಗೆ ಹಾಕಿದರು. ಆಮೇಲೂ ಬಹಳ ವರ್ಷ ಪಾಠ ಮಾಡಿದೆ, ಗುಡ್ಡ ಬರೆದೆ. ಇಳಿಜಾರಿನ ಕೊನೆಗೆ ಮನೆ ಬರೆಯುವಾಗ ಮಾತ್ರ ಸೀಮೆಸುಣ್ಣ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಭಾಗ್ಯ ಈಗ ತರೀಕೆರೆ ಕಡೆ ಒಂದು ಅಂಗನವಾಡಿಯಲ್ಲಿದ್ದಾಳೆ ಅಂತ ಕೇಳಿದ್ದೇನೆ. ಚಿನ್ನಿಗೆ ಮದುವೆಯಾಗಿದೆಯಂತೆ.

ಎದುರಿನ ಹೆಂಗಸು ಸೊಸೆಯನ್ನು ತವರಿಗೆ ಕಳಿಸುವ ಜಾಗಕ್ಕೆ ಬಂದಿದ್ದಳು. ರೈಲು ಒಮ್ಮೆ ಅಲುಗಿ ನಿಧಾನಕ್ಕೆ ಹೊರಟಿತು. ಗೇಟು ಬರುತ್ತದೆ ಅಂತ ನಾನು ಕಿಟಕಿಗೆ ಮುಖ ಹಚ್ಚಿದೆ. ಗೇಟು ಇರಲಿಲ್ಲ. ತೆಗೆದುಹಾಕಿ ಹಳಿಯ ಕೆಳಗೆ ದಾರಿ ಮಾಡಿದ್ದಾರೆ, ಈಗ ಅಲ್ಲಿ ಯಾರೂ ಕಾಯಬೇಕಾಗಿಲ್ಲ, ಗಂಟೆಯೂ ಇಲ್ಲ. ಹೊಲದಲ್ಲಿ ಈರುಳ್ಳಿಯ ಮೇಲೆ ನೀಲಿ ಟಾರ್ಪಾಲು ಹೊದಿಸುತ್ತಿದ್ದರು. ನನಗೆ ಎಲ್ಲ ಗೊತ್ತು, ಅಲ್ಲಿ ಯಾರೂ ನಿಂತಿಲ್ಲ ಅಂತ ನನ್ನ ಕಿವಿಯಾರೆ ಕೇಳಿದ್ದೇನೆ. ಆದರೆ ಆವತ್ತು ನಾನು ಹೇಳಬೇಕಿದ್ದ ಒಂದು ಹೂಂ ನನ್ನ ಹತ್ತಿರವೇ ಉಳಿದುಬಿಟ್ಟಿದೆ, ಆ ಜಾಗ ದಾಟುವಾಗ ಅದು ಮತ್ತೆ ಬಾಯಿಗೆ ಬಂತು.

"ಅದೇ ನೋಡಿ, ನೀವಾದ್ರೂ ಹೂಂ ಅಂದ್ರಿ," ಎಂದಳು ಎದುರಿನ ಹೆಂಗಸು ಸಮಾಧಾನದಿಂದ, ಮತ್ತು ಕತೆ ಮುಂದುವರಿಸಿದಳು.